ಅಂಗೈಯಿಂದ ಗೋಡೆಗೆ: ಮೊಬೈಲ್‌ನಲ್ಲಿ ರಚಿಸಿದ ಚಿತ್ರಗಳ ಪ್ರದರ್ಶನ ಏರ್ಪಡಿಸುವ ಬಗೆ

ನಮ್ಮ ತಾಲ್ಲೂಕು ಕೇಂದ್ರದ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಮೊಬೈಲ್‌ನಲ್ಲಿ ರಚಿಸಿದ ಚಿತ್ರಗಳ ಪ್ರದರ್ಶನ ಮಾಡುತ್ತೇವೆ ಎಂದಾಗ ಹಲವರು ಕೇಳಿದ್ದು ಒಂದೇ ಪ್ರಶ್ನೆ: ಮೊಬೈಲ್‌ನಲ್ಲಿ ಇರುವುದನ್ನು ಮೊಬೈಲ್‌ನಲ್ಲೇ ನೋಡಿದರಾಯಿತಲ್ಲ, ಗೋಡೆ ಏಕೆ ಬೇಕು? ಅದಕ್ಕೆ ಉತ್ತರ ಸಿಕ್ಕಿದ್ದು ಪ್ರದರ್ಶನದ ಎರಡನೆಯ ದಿನ. ಮಲೆನಾಡಿನ ಹಸೆ ಚಿತ್ತಾರವನ್ನು ಫೋನಿನ ಮೇಲೆ ಬೆರಳಿನಿಂದಲೇ ಬಿಡಿಸಿದ್ದ ಗೃಹಿಣಿಯೊಬ್ಬರ ಚಿತ್ರದ ಮುಂದೆ ಅವರ ಪಕ್ಕದ ಮನೆಯವರು ನಿಂತಿದ್ದರು. ಅದೇ ಚಿತ್ರವನ್ನು ಕೆಲವು ತಿಂಗಳ ಹಿಂದೆ ವಾಟ್ಸ್ಆ್ಯಪ್‌ನಲ್ಲಿ ನೋಡಿ, ಮೆಚ್ಚುಗೆಯ ಗುರುತೊಂದನ್ನು ಒತ್ತಿ ಮುಂದೆ ಹೋಗಿದ್ದರಂತೆ. ಈಗ ಬಹಳ ಹೊತ್ತು ನಿಂತು, "ಈ ಗೆರೆ ಇಷ್ಟು ನೇರವಾಗಿ ಹೇಗೆ ಬಂತು, ಯಾವ ಬೆರಳಿನಲ್ಲಿ ಎಳೆದಿರಿ?" ಎಂದು ಕೇಳಿದರು. ಮೂರು ರಾತ್ರಿ ಕೂತು ಬಿಡಿಸಿದ ಚಿತ್ರಕ್ಕೆ ಮೂರು ಕ್ಷಣಕ್ಕಿಂತ ಹೆಚ್ಚಿನ ನೋಟ ಸಿಗಲಿ ಎಂಬುದಕ್ಕಾಗಿಯೇ ಗೋಡೆ ಬೇಕು.

ಇದು ಹೊಸ ಹುಚ್ಚೇನೂ ಅಲ್ಲ. 2009ರ ಜೂನ್ 1ರ ನ್ಯೂಯಾರ್ಕರ್ ಪತ್ರಿಕೆಯ ಮುಖಪುಟವನ್ನು ಜೋರ್ಜ್ ಕೊಲಂಬೊ ಎಂಬ ಕಲಾವಿದರು ಐಫೋನಿನ ಮೇಲೆ, ಬ್ರಷಸ್ ಎಂಬ ಆ್ಯಪ್ ಬಳಸಿ, ಬೀದಿಯಲ್ಲಿ ನಿಂತು ಬೆರಳಿನಿಂದ ಬಿಡಿಸಿದ್ದರು. ಅದೇ ಕಾಲಕ್ಕೆ ಬ್ರಿಟನ್ನಿನ ಹಿರಿಯ ಚಿತ್ರಕಾರ ಡೇವಿಡ್ ಹಾಕ್ನಿ ಬೆಳಿಗ್ಗೆ ಎದ್ದು ಹೂವುಗಳನ್ನು ಐಫೋನಿನಲ್ಲಿ ಹೆಬ್ಬೆರಳಿನಿಂದ ಬಿಡಿಸಿ ಗೆಳೆಯರಿಗೆ ಕಳುಹಿಸುತ್ತಿದ್ದರು. 2010ರಲ್ಲಿ ಪ್ಯಾರಿಸ್‌ನಲ್ಲಿ ಆ ಚಿತ್ರಗಳ ಪ್ರದರ್ಶನ ನಡೆದಾಗ ಅವನ್ನು ಕಾಗದಕ್ಕೆ ಇಳಿಸದೆ ಫೋನು ಮತ್ತು ಐಪ್ಯಾಡ್‌ಗಳ ಪರದೆಯ ಮೇಲೆಯೇ ತೋರಿಸಲಾಯಿತು. 2021ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅವರು ಐಪ್ಯಾಡ್‌ನಲ್ಲಿ ರಚಿಸಿದ, ಫ್ರಾನ್ಸಿನ ನಾರ್ಮಂಡಿಯ ವಸಂತದ 116 ಚಿತ್ರಗಳು ದೊಡ್ಡ ಕಾಗದದ ಮೇಲೆ ಮುದ್ರಣಗೊಂಡು ಗೋಡೆಗೇರಿದವು. ಪರದೆಯಲ್ಲೇ ತೋರಿಸಬೇಕೇ, ಕಾಗದಕ್ಕೆ ಇಳಿಸಬೇಕೇ ಎಂಬ ಇವೆರಡು ದಾರಿಗಳ ನಡುವಿನ ಆಯ್ಕೆಯೇ ನಿಮ್ಮ ಮುಂದೆಯೂ ಬರುತ್ತದೆ. ನಾನು ಎರಡನ್ನೂ ಬೆರೆಸಿ ಎನ್ನುತ್ತೇನೆ. ಹೇಗೆಂದು ಮುಂದೆ ಹೇಳುತ್ತೇನೆ.

ಶಾಲೆಯ ಚಿತ್ರಕಲಾ ಶಿಕ್ಷಕರು, ಕಾಲೇಜಿನ ವಿದ್ಯಾರ್ಥಿಗಳು, ಊರಿನ ಯುವಕ ಸಂಘದವರು, ಮಹಿಳಾ ಮಂಡಲದವರು ಯಾರು ಬೇಕಾದರೂ ಇದನ್ನು ಮಾಡಬಹುದು. ಎರಡು ತಿಂಗಳ ಕಾಲಾವಕಾಶ ಇಟ್ಟುಕೊಳ್ಳಿ. ಮಳೆಗಾಲವನ್ನು ಬಿಡಿ. ತೇವಕ್ಕೆ ಕಾಗದ ಸುರುಳಿಯಾಗುತ್ತದೆ, ರಟ್ಟು ಬಾಗುತ್ತದೆ, ಅಂಟು ಬಿಡುತ್ತದೆ. ದೀಪಾವಳಿ ಕಳೆದ ಮೇಲಿನ ಮೂರು ತಿಂಗಳು ಒಳ್ಳೆಯ ಕಾಲ.

ಮೊದಲು ನಿಯಮ ಬರೆದುಕೊಳ್ಳಿ

ಚಿತ್ರಗಳನ್ನು ಕಳುಹಿಸಿ ಎಂದು ಪ್ರಕಟಣೆ ಹೊರಡಿಸುವ ಮುನ್ನ ಒಂದು ಪುಟದಲ್ಲಿ ನಿಯಮ ಬರೆಯಿರಿ. ಯಾವುದು ಮೊಬೈಲ್ ಕಲೆ? ನಮ್ಮ ನಿಯಮ ಹೀಗಿತ್ತು: ಆರಂಭದಿಂದ ಕೊನೆಯವರೆಗೆ ಫೋನಿನಲ್ಲೇ ಆದದ್ದು. ಬೆರಳಿನಲ್ಲಿ ಬಿಡಿಸಿದ್ದು, ಫೋನಿನಲ್ಲಿ ತೆಗೆದು ಫೋನಿನಲ್ಲೇ ತಿದ್ದಿದ ಛಾಯಾಚಿತ್ರ, ಹಲವು ಫೋಟೋ ಜೋಡಿಸಿ ಮಾಡಿದ್ದು ಎಲ್ಲಕ್ಕೂ ಅವಕಾಶವಿತ್ತು. ಕ್ಯಾಮೆರಾದಲ್ಲಿ ತೆಗೆದು ಫೋನಿಗೆ ವರ್ಗಾಯಿಸಿದ್ದಕ್ಕೆ ಇರಲಿಲ್ಲ. ವಾಕ್ಯ ಬರೆದರೆ ಬರುವ ಕೃತಕ ಬುದ್ಧಿಮತ್ತೆಯ ಚಿತ್ರಗಳ ಬಗ್ಗೆಯೂ ಮೊದಲೇ ತೀರ್ಮಾನಿಸಿ. ನಾವು ಬೇಡವೆಂದೆವು. ನಮಗೆ ಬೇಕಾಗಿದ್ದದ್ದು ಬೆರಳಿನ ಗೆರೆ ಮತ್ತು ಕಣ್ಣಿನ ಆಯ್ಕೆ. ನೀವು ಸೇರಿಸಿಕೊಳ್ಳುವುದಾದರೆ ಅವಕ್ಕೆ ಬೇರೆ ಗೋಡೆ ಕೊಟ್ಟು, ಚಿತ್ರದ ಪಕ್ಕ ಹಾಕುವ ವಿವರದ ಚೀಟಿಯಲ್ಲಿ ಹಾಗೆಂದು ಬರೆಯಿರಿ. ನೋಡುವವರಿಂದ ಅದನ್ನು ಮುಚ್ಚಿಡುವುದು ಸರಿಯಲ್ಲ.

ಅನುಮಾನ ಬಂದರೆ ಪರಿಹರಿಸುವ ಉಪಾಯವೂ ಆ್ಯಪ್‌ಗಳಲ್ಲೇ ಇದೆ. ಐಬಿಸ್‌ಪೇಂಟ್, ಪ್ರೊಕ್ರಿಯೇಟ್ ಪಾಕೆಟ್‌ನಂಥ ಆ್ಯಪ್‌ಗಳು ಚಿತ್ರ ಬಿಡಿಸುವಾಗ ಗೆರೆಗೆರೆಯನ್ನೂ ದಾಖಲಿಸಿ ವೇಗದ ವಿಡಿಯೊ ಮಾಡಿಕೊಡುತ್ತವೆ. ಆ ವಿಡಿಯೊವನ್ನೂ ಕೇಳಿ ಪಡೆಯಿರಿ. ಮುಂದೆ ಅದು ಬೇರೆ ಕೆಲಸಕ್ಕೂ ಬರುತ್ತದೆ.

ಇನ್ನೊಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಬೇರೆಯವರು ತೆಗೆದ ಫೋಟೋವನ್ನು ಕೆಳಗಿಟ್ಟುಕೊಂಡು ಅದರ ಮೇಲೆಯೇ ಗೆರೆ ಎಳೆದ ಸಿನಿಮಾ ನಟರ ಚಿತ್ರಗಳು ರಾಶಿಯಾಗಿ ಬರುತ್ತವೆ. ಕೈ ಪಳಗಲು ಅದು ಒಳ್ಳೆಯ ಅಭ್ಯಾಸ, ಆದರೆ ಪ್ರದರ್ಶನಕ್ಕೆ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾಕೃತಿಯ ಹಕ್ಕು ರಚಿಸಿದವರ ಜೀವಿತಾವಧಿಗೂ ಅವರ ನಂತರದ 60 ವರ್ಷಗಳಿಗೂ ಇರುತ್ತದೆ. ನೋಂದಣಿ ಮಾಡಿಸಲೇಬೇಕೆಂದಿಲ್ಲ, ರಚಿಸಿದೊಡನೆ ಹಕ್ಕು ಬರುತ್ತದೆ. ಫೋಟೋ ತೆಗೆದವರಿಗೂ ಅದೇ ರಕ್ಷಣೆ ಇದೆ. ನಿಮ್ಮ ಪ್ರದರ್ಶನಕ್ಕೆ ಚಿತ್ರ ಕೊಡುವವರಿಗೂ ಅದೇ ಮಾತು ಅನ್ವಯಿಸುತ್ತದೆ. "ಹಕ್ಕು ಕಲಾವಿದರದ್ದೇ, ಈ ಪ್ರದರ್ಶನಕ್ಕೆ ಮತ್ತು ಅದರ ಪ್ರಚಾರಕ್ಕೆ ಮಾತ್ರ ಒಂದು ಸಲ ಮುದ್ರಿಸಲು ಒಪ್ಪಿದ್ದೇನೆ" ಎಂಬ ನಾಲ್ಕು ಸಾಲಿನ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಮಗುವಿನ ಚಿತ್ರವಾದರೆ ತಂದೆ ತಾಯಿಯರ ಸಹಿ ಬೇಕು. ಫೋಟೋದಲ್ಲಿ ಯಾರದಾದರೂ ಮುಖ ಎದ್ದು ಕಾಣುವಂತಿದ್ದರೆ ಅವರನ್ನೂ ಕೇಳಿರಬೇಕು. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಫೋಟೋ ಎಷ್ಟೇ ಚೆನ್ನಾಗಿರಲಿ, ಅಜ್ಜಿಗೆ ತಿಳಿಯದೆ ಗೋಡೆಗೆ ಹಾಕಬಾರದು. ಕೇಳಿ, ಒಪ್ಪಿದರೆ ಉದ್ಘಾಟನೆಗೂ ಕರೆಯಿರಿ.

ಮೂಲ ಫೈಲ್ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಾಟ್ಸ್ಆ್ಯಪ್‌ನಲ್ಲಿ ಚಿತ್ರವನ್ನು ಫೋಟೋ ಆಗಿ ಕಳುಹಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದಾಗಿಸುತ್ತದೆ. 4000 ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಬಣ್ಣದ ಸಣ್ಣ ಚುಕ್ಕಿ) ಉದ್ದದ ಚಿತ್ರ ತಲುಪುವಾಗ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಫೋನಿನಲ್ಲಿ ನೋಡಿದರೆ ವ್ಯತ್ಯಾಸವೇ ಕಾಣದು. ಮುದ್ರಿಸಿದಾಗ ಎಲೆಗಳ ಅಂಚು ಕಲಸಿ ಹೋಗಿರುತ್ತದೆ, ಆಕಾಶದಲ್ಲಿ ಚೌಕುಳಿ ಚೌಕುಳಿ ಕಲೆ ಏಳುತ್ತದೆ. ಎಚ್‌ಡಿ ಆಯ್ಕೆ ಒತ್ತಿದರೂ ಮೂಲ ಚಿತ್ರ ಹಾಗೆಯೇ ಬರುವುದಿಲ್ಲ.

ಪರಿಹಾರ ಸುಲಭ. ವಾಟ್ಸ್ಆ್ಯಪ್‌ನಲ್ಲೇ ಕಳುಹಿಸುವುದಾದರೆ ಫೋಟೋ ಎಂಬ ಗುರುತನ್ನು ಒತ್ತದೆ ಡಾಕ್ಯುಮೆಂಟ್ ಎಂಬುದನ್ನು ಒತ್ತಿ ಚಿತ್ರವನ್ನು ಆರಿಸಬೇಕು. ಆಗ ಫೈಲ್ ಇದ್ದ ಹಾಗೆಯೇ ಬರುತ್ತದೆ. ಇಮೇಲ್ ಅಥವಾ ಗೂಗಲ್ ಡ್ರೈವ್ ಕೂಡ ಆಗುತ್ತದೆ. ಇವೆಲ್ಲ ಗೊತ್ತಿಲ್ಲದವರನ್ನು ಒಂದು ಭಾನುವಾರ ಫೋನಿನೊಂದಿಗೆ ಬರಹೇಳಿ, ಕೇಬಲ್ ಹಾಕಿ ನೀವೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಹಾಗೆ ಬಂದವರ ಜೊತೆ ಮಾತಾಡುವಾಗ ಚಿತ್ರದ ಹಿಂದಿನ ಕಥೆಯೂ ಸಿಗುತ್ತದೆ. ಚೀಟಿಗೆ ಅದೇ ಬೇಕು.

ಬಂದ ಫೈಲ್ ಮೂಲವೋ ಅಲ್ಲವೋ ಎಂದು ಗುರುತಿಸಲು ಎರಡು ದಾರಿ. ಒಂದು, ಹೆಸರು: ಆ್ಯಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಇಳಿದ ಚಿತ್ರದ ಹೆಸರಿನಲ್ಲಿ ದಿನಾಂಕದ ನಂತರ ಡಬ್ಲ್ಯು, ಎ ಎಂಬ ಇಂಗ್ಲಿಷಿನ ಎರಡು ಅಕ್ಷರಗಳಿರುತ್ತವೆ. ಅದು ಕಂಡರೆ ಹಿಂದಕ್ಕೆ ಕಳುಹಿಸಿ, ಮೂಲವನ್ನು ಕೇಳಿ. ಇನ್ನೊಂದು, ಅಳತೆ: ಚಿತ್ರದ ವಿವರ ತೆರೆದು ಉದ್ದ ಅಗಲದ ಪಿಕ್ಸೆಲ್ ಎಷ್ಟು ಎಂದು ನೋಡಿ ಪಟ್ಟಿಯಲ್ಲಿ ಬರೆದುಕೊಳ್ಳಿ. ತಮ್ಮದೇ ಚಿತ್ರದ ಸ್ಕ್ರೀನ್‌ಶಾಟ್ ಕಳುಹಿಸುವವರೂ ಇದ್ದಾರೆ. 1080ಕ್ಕೆ 2400 ಎಂದಿದ್ದರೆ ಬಹುತೇಕ ಅದು ಸ್ಕ್ರೀನ್‌ಶಾಟ್.

ಫೋನು ಕಳೆದುಹೋಗಿ ಮೂಲವೇ ಇಲ್ಲದವರೂ ಸಿಗುತ್ತಾರೆ. ಅವರನ್ನು ಬಿಡಬೇಡಿ. ಇರುವ ಫೈಲ್ ಎಷ್ಟು ಹಿಡಿಸುತ್ತದೋ ಅಷ್ಟೇ ಚಿಕ್ಕದಾಗಿ ಮುದ್ರಿಸಿ. ಚಿಕ್ಕದೆಂದರೆ ಕೀಳಲ್ಲ.

ಎಷ್ಟು ದೊಡ್ಡದು?

ಲೆಕ್ಕ ಇಷ್ಟೇ: ಪಿಕ್ಸೆಲ್ ಸಂಖ್ಯೆಯನ್ನು 200ರಿಂದ ಭಾಗಿಸಿ, ಬಂದದ್ದು ಇಂಚು. ಹತ್ತಿರ ನಿಂತು ನೋಡುವ ಚಿತ್ರಕ್ಕೆ ಇಂಚಿಗೆ 200 ಪಿಕ್ಸೆಲ್ ಇದ್ದರೆ ಸಾಕು, 300 ಇದ್ದರೆ ಇನ್ನೂ ಸೊಗಸು. 12 ಮೆಗಾಪಿಕ್ಸೆಲ್‌ನ ಫೋಟೋ 4000ಕ್ಕೆ 3000 ಪಿಕ್ಸೆಲ್ ಇರುತ್ತದೆ. ಅದನ್ನು 20 ಇಂಚಿಗೆ 15 ಇಂಚಿನವರೆಗೆ ಧೈರ್ಯವಾಗಿ ಮುದ್ರಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಇಳಿದ 1600 ಪಿಕ್ಸೆಲ್‌ನದು 8 ಇಂಚಿಗೆ ನಿಲ್ಲುತ್ತದೆ. ಆರು ಅಡಿ ದೂರದಿಂದ ನೋಡುವ ದೊಡ್ಡ ಚಿತ್ರಕ್ಕೆ ಇಂಚಿಗೆ 100 ಪಿಕ್ಸೆಲ್ ಇದ್ದರೂ ನಡೆಯುತ್ತದೆ.

ಇನ್ನೂ ಬಿಡಿಸದೆ ಇರುವವರಿಗೆ ಈಗಲೇ ಹೇಳಿ: ಆ್ಯಪ್‌ನಲ್ಲಿ ಹೊಸ ಚಿತ್ರ ತೆರೆಯುವಾಗ ಫೋನಿನ ಪರದೆಯ ಅಳತೆಯನ್ನೇ ಒಪ್ಪಿಕೊಳ್ಳಬೇಡಿ. ಎ3 ಕಾಗದಕ್ಕೆ 300ರ ಲೆಕ್ಕದಲ್ಲಿ 3508ಕ್ಕೆ 4961 ಪಿಕ್ಸೆಲ್ ಎಂದು ನೀವೇ ಬರೆಯಿರಿ. ಹಳೆಯ ಫೋನ್ ತಡವರಿಸಿದರೆ ಎ4ರ ಅಳತೆ, 2480ಕ್ಕೆ 3508, ಸಾಕು. ಕೊನೆಯಲ್ಲಿ ದೊಡ್ಡದು ಮಾಡಲು ಬರುವುದಿಲ್ಲ. ಬಿಡಿಸಿದ ಮೇಲೆ ಪಿಎನ್‌ಜಿ ಎಂಬ ಬಗೆಯ ಫೈಲ್ ಆಗಿ ಉಳಿಸಿ. ಜೆಪಿಇಜಿ ಎಂಬ ಬಗೆಯದು ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ.

ಲೆಕ್ಕ ಹೀಗಿದ್ದರೂ ಎಲ್ಲವನ್ನೂ ಆದಷ್ಟು ದೊಡ್ಡದಾಗಿ ಮುದ್ರಿಸಬೇಕೆಂಬ ಆಸೆಗೆ ಬೀಳಬೇಡಿ. ಇದು ನನ್ನ ಬಲವಾದ ಅಭಿಪ್ರಾಯ. ಆರು ಇಂಚಿನ ಪರದೆಯ ಮೇಲೆ, ಹೆಬ್ಬೆರಳು ತಲುಪುವಷ್ಟು ಜಾಗದಲ್ಲಿ ಹುಟ್ಟಿದ ಚಿತ್ರಕ್ಕೆ ಒಂದು ಅಂಗೈಯ ಹದವಿರುತ್ತದೆ. ಆಟೋ ನಿಲ್ದಾಣದಲ್ಲಿ ಬಾಡಿಗೆಗೆ ಕಾಯುತ್ತ ಚಾಲಕರೊಬ್ಬರು ಬಿಡಿಸಿದ್ದ ಎದುರುಗಡೆಯ ಕಾಕಾ ಅಂಗಡಿಯ ಚಿತ್ರವನ್ನು ನಾವು ಎರಡು ಅಡಿಗೆ ಹಿಗ್ಗಿಸಿ ನೋಡಿದೆವು. ಬೆರಳಿನ ಗೆರೆ ಹಗ್ಗದಷ್ಟು ದಪ್ಪವಾಗಿ, ಅಂಗಡಿಯ ಒಳಗಿನ ಕತ್ತಲು ಬರಿಯ ಕಪ್ಪು ಪಟ್ಟಿಯಾಗಿ ನಿಂತಿತು. ಅದೇ ಚಿತ್ರವನ್ನು ಐದು ಇಂಚಿಗೆ ಮುದ್ರಿಸಿ ಅಗಲವಾದ ಬಿಳಿ ಅಂಚು ಬಿಟ್ಟು ಕಟ್ಟು ಹಾಕಿಸಿದಾಗ ಜನ ಬಾಗಿ, ಹತ್ತಿರ ಹೋಗಿ, ಕಿಟಕಿಯೊಳಗೆ ಇಣುಕುವ ಹಾಗೆ ನೋಡಿದರು. ಪ್ರತಿ ಚಿತ್ರವನ್ನೂ ಎರಡು ಅಳತೆಯಲ್ಲಿ ಸಾದಾ ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿ, ಒಂದು ದಿನ ನೋಡಿ, ಆಮೇಲೆ ನಿರ್ಧರಿಸಿ.

ಇದರ ಜೊತೆಗೆ ಒಂದು ಮೇಜು ಇಡಿ. ಎಲ್ಲ ಚಿತ್ರಗಳ ಫೋನ್ ಗಾತ್ರದ ಮುದ್ರಣಗಳನ್ನು ದಪ್ಪ ರಟ್ಟಿಗೆ ಅಂಟಿಸಿ ಅದರ ಮೇಲೆ ಹರಡಿ, "ಕೈಗೆತ್ತಿಕೊಂಡು ನೋಡಿ" ಎಂದು ಬರೆಯಿರಿ. ನಮ್ಮಲ್ಲಿ ಅತಿ ಹೆಚ್ಚು ಜನ ನಿಂತಿದ್ದದ್ದು ಆ ಮೇಜಿನ ಸುತ್ತ.

ಮುದ್ರಣದ ಅಂಗಡಿಯಲ್ಲಿ

ಫೋನಿನ ಪರದೆ ತಾನೇ ಬೆಳಕು ಚೆಲ್ಲುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ. ಪರದೆಯಲ್ಲಿ ಮಿನುಗುವ ಗಿಳಿ ಹಸಿರು, ರಾಣಿ ಬಣ್ಣ, ಕಡು ನೀಲಿ ಕಾಗದದ ಮೇಲೆ ಮಂಕಾಗುವುದು ಅದಕ್ಕೇ. ಅಂಗಡಿಯವರ ತಪ್ಪಲ್ಲ. ಫೋನಿನ ಪ್ರಕಾಶವನ್ನು ಅರ್ಧಕ್ಕೆ ಇಳಿಸಿ ನೋಡಿದರೆ ಮುದ್ರಣ ಹೇಗೆ ಬಂದೀತೆಂಬ ಅಂದಾಜು ಸಿಗುತ್ತದೆ. ಕತ್ತಲೆಯ ಚಿತ್ರಗಳನ್ನು ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ನಲ್ಲಿ ಸ್ವಲ್ಪ ಬೆಳಗಿಸಿ ಕೊಡಿ, ಆದರೆ ಕಲಾವಿದರನ್ನು ಕೇಳದೆ ಮುಟ್ಟಬೇಡಿ. ಎಲ್ಲಕ್ಕೂ ಮೊದಲು ಐದಾರು ಚಿತ್ರಗಳ ಚಿಕ್ಕ ಚಿಕ್ಕ ತುಂಡುಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಪರೀಕ್ಷಾ ಮುದ್ರಣ ತೆಗೆಸಿ, ಹಗಲು ಬೆಳಕಿಗೆ ಹಿಡಿದು ನೋಡಿ.

ಹಣ ಉಳಿಸಲು ಫ್ಲೆಕ್ಸ್ ಮೊರೆ ಹೋಗಬೇಡಿ. ಅದರ ಹೊಳಪಿಗೆ ದೀಪ ಬಿದ್ದರೆ ಚಿತ್ರವೇ ಕಾಣುವುದಿಲ್ಲ, ಸೂಕ್ಷ್ಮ ಗೆರೆಗಳು ನಿಲ್ಲುವುದಿಲ್ಲ, ಮುಗಿದ ಮೇಲೆ ಕೊಳೆಯದ ಕಸವಾಗಿ ಉಳಿಯುತ್ತದೆ. ಹೊರಗಿನ ಫಲಕಕ್ಕೂ ಬಟ್ಟೆಯ ಬ್ಯಾನರ್ ಬರೆಸಿ. ಚಿತ್ರಗಳಿಗೆ ಮ್ಯಾಟ್, ಅಂದರೆ ಹೊಳಪಿಲ್ಲದ, ಫೋಟೋ ಕಾಗದ ಒಳ್ಳೆಯದು. ಮದುವೆ ಆಲ್ಬಂ ಮಾಡುವ ಫೋಟೋ ಲ್ಯಾಬ್‌ಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ. ಮಾರಾಟಕ್ಕಿಡುವ ಚಿತ್ರಗಳಾದರೆ ದೊಡ್ಡ ಊರಿನಲ್ಲಿ ಪಿಗ್ಮೆಂಟ್ ಶಾಯಿಯಲ್ಲಿ, ಆಮ್ಲವಿಲ್ಲದ ಹತ್ತಿಯ ಕಾಗದದ ಮೇಲೆ ಮುದ್ರಿಸುವವರನ್ನು ಹುಡುಕಿ. ಕೊಂಡವರ ಮನೆಯಲ್ಲಿ ಬಣ್ಣ ಬೇಗ ಮಾಸಬಾರದು.

ಲ್ಯಾಬ್‌ನಲ್ಲಿ ಎರಡು ಮಾತು ತಪ್ಪದೆ ಹೇಳಿ. ತಾನಾಗಿ ಬಣ್ಣ ಸರಿಪಡಿಸುವ ವ್ಯವಸ್ಥೆಯನ್ನು ನಿಲ್ಲಿಸಿ ಮುದ್ರಿಸಲು ಹೇಳಿ. ಅಂಚು ಕತ್ತರಿಸಬಾರದೆಂದು ಹೇಳಿ. ಫೋನಿನ ಫೋಟೋ ಸಾಮಾನ್ಯವಾಗಿ 4ಕ್ಕೆ 3ರ ಅಳತೆಯಲ್ಲಿರುತ್ತದೆ, ಲ್ಯಾಬ್‌ನಲ್ಲಿ ರೂಢಿಯಲ್ಲಿರುವ 12ಕ್ಕೆ 18 ಇಂಚಿನ ಕಾಗದ 3ಕ್ಕೆ 2ರದು. ಕಾಗದ ತುಂಬಿಸಲು ಹೋದರೆ ಒಂದೂವರೆ ಇಂಚು ಕತ್ತರಿಸಿ ಹೋಗುತ್ತದೆ. ನಮ್ಮ ಮೊದಲ ಕಂತಿನಲ್ಲಿ ತಾಯಿಯ ಭಾವಚಿತ್ರವೊಂದರಲ್ಲಿ ಮುಡಿದ ಮಲ್ಲಿಗೆಯೇ ಕತ್ತರಿಸಿ ಹೋಗಿತ್ತು. ಬಿಡಿಸಿದ್ದು ಹೈಸ್ಕೂಲಿನ ಹುಡುಗಿ, ಬಿರುಕು ಬಿಟ್ಟ ಪರದೆಯ ಫೋನಿನಲ್ಲಿ. ಹೂವು ಬಿಡಿಸಲಿಕ್ಕೇ ಎರಡು ಸಂಜೆ ಹಿಡಿದಿತ್ತಂತೆ. ಮತ್ತೆ ಮುದ್ರಿಸಿದೆವು. ಪೂರ್ತಿ ಚಿತ್ರ, ಸುತ್ತ ಬಿಳಿ ಅಂಚು ಎಂದು ಕಾಗದದಲ್ಲಿ ಬರೆದುಕೊಡಿ.

ಎಲ್ಲಕ್ಕೂ ಕಟ್ಟು ಹಾಕಿಸಲು ದುಡ್ಡಿಲ್ಲದಿದ್ದರೆ 5 ಮಿಲಿಮೀಟರ್ ದಪ್ಪದ ಸನ್‌ಬೋರ್ಡ್ ಎಂಬ ಹಗುರ ಹಲಗೆಗೆ ಅಂಟಿಸಿದರೆ ಸಾಕು. ಗಾಜು ಬೇಡವೇ ಬೇಡ ಎನ್ನುವುದು ನನ್ನ ಮಾತು. ಫೋನಿನ ಗಾಜಿನಿಂದ ಬಿಡಿಸಿಕೊಂಡು ಬಂದ ಚಿತ್ರಕ್ಕೆ ಮತ್ತೆ ಗಾಜು ಹೊದಿಸಿದರೆ ನೋಡುವವರಿಗೆ ತಮ್ಮ ಮುಖವೇ ಕಾಣುತ್ತದೆ.

ಪರದೆಯ ಮೇಲೆ ತೋರಿಸಬೇಕಾದವು

ಚಲಿಸುವ ಚಿತ್ರಗಳು, ಕತ್ತಲಲ್ಲಿ ಬೆಳಗುವಂತೆ ಬಿಡಿಸಿದ ಚಿತ್ರಗಳು, ಮತ್ತು ಬಿಡಿಸುವ ಕ್ರಮದ ವಿಡಿಯೊಗಳು ಪರದೆಯ ಮೇಲೆಯೇ ಇರಲಿ. ಹಳೆಯ ಫೋನ್‌ಗಳನ್ನು ಎರವಲು ತನ್ನಿ, ನಾಲ್ಕೈದು ಸಾಕು. ಮೊದಲು ಸಿಮ್ ತೆಗೆಯಿರಿ, ಫ್ಲೈಟ್ ಮೋಡ್‌ಗೆ ಹಾಕಿ, ಮಾಲೀಕರ ಖಾಸಗಿ ಫೋಟೋ, ಸಂದೇಶಗಳು ಇಲ್ಲದಂತೆ ಖಾಲಿ ಮಾಡಿಸಿ. ತಾನಾಗಿ ಪ್ರಕಾಶ ಬದಲಾಗುವುದನ್ನು ನಿಲ್ಲಿಸಿ, ಎಲ್ಲ ಫೋನ್‌ಗಳ ಪ್ರಕಾಶವನ್ನು ಒಂದೇ ಮಟ್ಟಕ್ಕೆ ತನ್ನಿ. ಆ್ಯಂಡ್ರಾಯ್ಡ್‌ನಲ್ಲಿ ಡೆವಲಪರ್ ಆಯ್ಕೆಗಳ ಒಳಗೆ "ಸ್ಟೇ ಅವೇಕ್" ಇದೆ. ಅದನ್ನು ಒತ್ತಿದರೆ ಚಾರ್ಜ್ ಆಗುತ್ತಿರುವಷ್ಟು ಹೊತ್ತೂ ಪರದೆ ಆರುವುದಿಲ್ಲ. ಭದ್ರತೆಯ ಸೆಟ್ಟಿಂಗ್‌ನಲ್ಲಿ ಆ್ಯಪ್ ಪಿನ್ನಿಂಗ್ ಇದೆ, ಐಫೋನಿನಲ್ಲಿ ಗೈಡೆಡ್ ಆ್ಯಕ್ಸೆಸ್. ಮಕ್ಕಳು ಎಲ್ಲಿ ಒತ್ತಿದರೂ ಬೇರೆ ಆ್ಯಪ್ ತೆರೆಯದಂತೆ ಇವು ತಡೆಯುತ್ತವೆ. ಒಂದೇ ಸ್ಥಿರ ಚಿತ್ರವನ್ನು ದಿನಗಟ್ಟಲೆ ಹಾಕಿಟ್ಟರೆ ಒಎಲ್‌ಇಡಿ ಪರದೆಯ ಮೇಲೆ ನೆರಳು ಅಚ್ಚಾಗಿ ಉಳಿಯಬಹುದು, ಹಾಗಾಗಿ ಎರಡು ಮೂರು ಚಿತ್ರ ಬದಲಾಗುತ್ತಿರಲಿ, ರಾತ್ರಿ ಆರಿಸಿ.

ಕರೆಂಟ್ ಹೋಗುತ್ತದೆ. ಫೋನ್‌ಗಳಿಗೆ ಪವರ್ ಬ್ಯಾಂಕ್, ದೀಪಗಳಿಗೆ ಯುಪಿಎಸ್ ಇರಲಿ. ಚಾರ್ಜರ್ ತಂತಿಗಳನ್ನು ನೆಲದ ಮೇಲೆ ಬಿಡದೆ ಗೋಡೆಯುದ್ದಕ್ಕೂ ಟೇಪ್ ಹಾಕಿ ಕಟ್ಟಿ.

ಗೋಡೆ

20 ಅಡಿಗೆ 30 ಅಡಿಯ ಕೋಣೆಗೆ 100 ಅಡಿ ಗೋಡೆ. ಬಾಗಿಲು ಕಿಟಕಿ ಕಳೆದರೆ 80 ಎಂದುಕೊಳ್ಳಿ. ಒಂದೂಕಾಲು ಅಡಿ ಅಗಲದ ಚಿತ್ರ, ಪಕ್ಕದಲ್ಲಿ ಅಷ್ಟೇ ಖಾಲಿ ಜಾಗ ಎಂದರೆ 32 ಚಿತ್ರ ಹಿಡಿಯುತ್ತವೆ. ಬಂದದ್ದು ನೂರಾದರೂ 32ಕ್ಕೇ ನಿಲ್ಲಿ, ಉಳಿದವು ಮೇಜಿನ ಮೇಲಿನ ಕೈಚಿತ್ರಗಳಲ್ಲಿ ಇರಲಿ. ಒತ್ತೊತ್ತಾಗಿ ಹಾಕಿದರೆ ಗೋಡೆಯೂ ಫೋನಿನಂತೆಯೇ ಆಗಿಬಿಡುತ್ತದೆ.

ಚಿತ್ರದ ನಡುಭಾಗ ನೆಲದಿಂದ ಸುಮಾರು 4 ಅಡಿ 10 ಇಂಚಿನಲ್ಲಿ ಬರಲಿ. ಸಣ್ಣ ಮಕ್ಕಳೇ ಹೆಚ್ಚು ಬರುವುದಾದರೆ ಒಂದಡಿ ಇಳಿಸಿ. ಸುಣ್ಣ ಬಳಿದ ಹಳೆಯ ಗೋಡೆಗೆ ಟೇಪ್ ಹಿಡಿಯುವುದಿಲ್ಲ, ಸುಣ್ಣದ ಸಮೇತ ಉದುರುತ್ತದೆ. ನಾವು ಅಡಿಕೆ ದಬ್ಬೆಗಳನ್ನು ಚೌಕಟ್ಟಾಗಿ ಕಟ್ಟಿ, ಗೋಣಿ ದಾರ ಬಿಗಿದು, ಕ್ಲಿಪ್ ಹಾಕಿ ಚಿತ್ರಗಳನ್ನು ತೂಗುಹಾಕಿದೆವು. ಒಂದು ಮೊಳೆಯೂ ಬೇಕಾಗಲಿಲ್ಲ, ನೋಡಲೂ ಚಂದವಿತ್ತು. ಬಯಲುಸೀಮೆಯಲ್ಲಿ ಬಿದಿರೋ ಸರ್ವೆ ಕೋಲೋ ಆದೀತು. ಟ್ಯೂಬ್‌ಲೈಟ್ ಒಂದೇ ಇದ್ದರೆ ಎಲ್ಲವೂ ಪೇಲವ. ಅಲ್ಲಲ್ಲಿ ಎಲ್‌ಇಡಿ ಸ್ಪಾಟ್ ದೀಪಗಳನ್ನು ಮೇಲಿನಿಂದ ಓರೆಯಾಗಿ ಬೀಳುವಂತೆ ಇಡಿ. ಪರದೆಗಳಿರುವ ಮೂಲೆಯನ್ನು ಮಾತ್ರ ಮಬ್ಬಾಗಿಸಿ.

ಚೀಟಿಯಲ್ಲಿ ಏನಿರಬೇಕು

ಹೆಸರು, ಚಿತ್ರದ ಶೀರ್ಷಿಕೆ, ವರ್ಷ, ಯಾವ ಫೋನ್, ಯಾವ ಆ್ಯಪ್, ಬೆರಳೋ ಸ್ಟೈಲಸ್ (ಪರದೆಯ ಮೇಲೆ ಬರೆಯುವ ಕಡ್ಡಿ) ಬಳಸಿದ್ದೋ. ಇದರ ಕೆಳಗೆ ಕಲಾವಿದರದೇ ಎರಡು ಸಾಲು: ಎಲ್ಲಿ ಕೂತು, ಯಾವ ಹೊತ್ತಿನಲ್ಲಿ ಮಾಡಿದ್ದು. "ಕುಕ್ಕರ್ ಕೂಗುವ ತನಕ" ಎಂದು ಒಬ್ಬರು ಬರೆದಿದ್ದರು, "ಮಗುವನ್ನು ಮಲಗಿಸುತ್ತ ಎಡಗೈಯಲ್ಲಿ" ಎಂದು ಇನ್ನೊಬ್ಬರು. ಫೋನಿನ ಮಾದರಿಯನ್ನು ತಪ್ಪದೆ ಬರೆಯಿರಿ. ಅಗ್ಗದ ಫೋನಿನಲ್ಲಿ ಏನೆಲ್ಲ ಆಗುತ್ತದೆ ಎಂದು ಓದಿದ ಮಕ್ಕಳು ಆ ಸಂಜೆಯೇ ಮನೆಯಲ್ಲಿ ಕೂತು ಬಿಡಿಸತೊಡಗುತ್ತಾರೆ. ಅಕ್ಷರ 18 ಪಾಯಿಂಟ್‌ಗಿಂತ ಚಿಕ್ಕದು ಬೇಡ.

ಮಾರಾಟವಿದ್ದರೆ ಎಷ್ಟು ಪ್ರತಿ ಮುದ್ರಿಸುತ್ತೀರೆಂದು ಮೊದಲೇ ಹೇಳಿ, 10ರಲ್ಲಿ 1, 10ರಲ್ಲಿ 2 ಎಂದು ಕಲಾವಿದರಿಂದ ಪೆನ್ಸಿಲ್‌ನಲ್ಲಿ ಬರೆಸಿ ಸಹಿ ಹಾಕಿಸಿ. ಹೇಳಿದ ಸಂಖ್ಯೆಯನ್ನು ಮೀರಬಾರದು. ಮುದ್ರಣ ಮತ್ತು ಕಟ್ಟಿನ ಖರ್ಚು ಕಳೆದು ಉಳಿದದ್ದು ಕಲಾವಿದರಿಗೆ. ಹಾಗೆ ಮುದ್ರಿಸಿದ ಪ್ರತಿಗಳನ್ನು ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಂಥ ಕಡೆಗಳಿಗೂ ಒಯ್ಯುವ ಯೋಚನೆ ಮಾಡಬಹುದು. ಅರ್ಜಿಯ ನಿಯಮಗಳನ್ನು ತಿಂಗಳುಗಳ ಮುಂಚೆಯೇ ವಿಚಾರಿಸಿ.

ತೆರೆದ ದಿನ, ಮುಚ್ಚಿದ ದಿನ

ಉದ್ಘಾಟನೆಯಲ್ಲಿ ಭಾಷಣ ಕಡಿಮೆ ಮಾಡಿ, ಒಬ್ಬರು ಎಲ್ಲರೆದುರು ಚಿತ್ರ ಬಿಡಿಸಲಿ. ಫೋನಿನ ಪರದೆಯನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಬೇಕಲ್ಲ, ಎಲ್ಲ ಫೋನ್‌ಗಳೂ ಕೇಬಲ್ ಮೂಲಕ ಚಿತ್ರ ಕೊಡುವುದಿಲ್ಲ. ಎರಡು ದಿನ ಮೊದಲೇ ಅದೇ ಫೋನ್, ಅದೇ ಪ್ರೊಜೆಕ್ಟರ್ ಇಟ್ಟು ಪರೀಕ್ಷಿಸಿ. ಒಂದು ಟ್ಯಾಬ್ಲೆಟ್‌ನಲ್ಲಿ ಖಾಲಿ ಪುಟ ತೆರೆದು ಬಂದವರಿಗೆ ಬಿಡಿ. ನಮ್ಮಲ್ಲಿ ಎಂಬತ್ತರ ಸಮೀಪದ ಅಜ್ಜಿಯೊಬ್ಬರು ಚುಕ್ಕಿ ಇಡಲು ಸ್ವಲ್ಪ ಹಿಂಜರಿದರು. ಮೊದಲ ಸಾಲು ಮುಗಿಯುತ್ತಿದ್ದಂತೆ ಕೈ ತಾನಾಗಿ ಓಡಿತು, ಏಳು ಚುಕ್ಕಿಯ ರಂಗೋಲಿ ಇಟ್ಟ ಬೆರಳು ಎತ್ತದೆ ಮುಗಿಯಿತು. ಅದನ್ನು ಆ ಸಂಜೆಯೇ ಮುದ್ರಿಸಿ ಅವರಿಗೆ ಕೊಟ್ಟೆವು. ಪಕ್ಕದ ಫೋಟೋ ಸ್ಟುಡಿಯೊದವರೊಂದಿಗೆ ಮೊದಲೇ ಮಾತಾಡಿಕೊಂಡಿದ್ದರೆ ಇದು ಕಷ್ಟವಲ್ಲ.

ಮುಗಿದ ಮೇಲೆ ಮೂಲ ಫೈಲ್‌ಗಳನ್ನು ಕಲಾವಿದರಿಗೇ ಪೆನ್‌ಡ್ರೈವ್‌ನಲ್ಲಿ ಹಿಂದಿರುಗಿಸಿ. ಫೋನು ಕಳೆದರೆ, ನೀರಿಗೆ ಬಿದ್ದರೆ ಚಿತ್ರ ಉಳಿಯುವುದು ಆ ಪ್ರತಿಯಲ್ಲೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಉಳಿಸಿಕೊಳ್ಳುವುದಾದರೆ ಅನುಮತಿ ಕೇಳಿ, ಇಲ್ಲವೆಂದವರದನ್ನು ಅಳಿಸಿ. ಗೋಡೆಯ ಮುದ್ರಣವನ್ನು ಟಿಶ್ಯೂ ಕಾಗದದ ನಡುವೆ ಇಟ್ಟು ರಟ್ಟಿನಲ್ಲಿ ಸುತ್ತಿ, ಚೀಟಿಯ ಸಮೇತ ಅವರ ಮನೆಗೆ ತಲುಪಿಸಿ. ಎರವಲು ತಂದ ಫೋನ್‌ಗಳಿಗೆ ಸಿಮ್ ಹಾಕಿ ಕೊಡಿ. ದಬ್ಬೆ ಬಿಚ್ಚಿ, ನೆಲ ಗುಡಿಸಿ, ಗ್ರಂಥಾಲಯದ ಬೀಗದ ಕೈಯನ್ನು ಒಪ್ಪಿಸುವಾಗ ಮುಂದಿನ ವರ್ಷದ ದಿನಾಂಕವನ್ನೂ ಕೇಳಿಕೊಂಡು ಬನ್ನಿ.